ಮೊನ್ನೆ ಆದ ಮದುವೆ

ಎಪ್ಪತ್ತು ದಾಟಿದ ಪುಟ್ಟಗೌರಮ್ಮನವರ ಮದುವೆ ಕಾನೂನಿನ ಪ್ರಕಾರ ನಡೆದೇ ಇಲ್ಲ. ಪ್ರತಿ ಸಂಗತಿಯನ್ನೂ ಅದು ನಡೆದ ದಿನದ ಕಪಾಟಿಗೆ ಸೇರಿಸುವ ದಾಖಲೆ ಯಂತ್ರ, ಏಳು ವರ್ಷ ದಾಟಿದ ಕಪಾಟುಗಳನ್ನು ಖಾಲಿ ಮಾಡಿಬಿಡುತ್ತದೆ. ಮದುವೆಯ ಪತ್ರವಿಲ್ಲದವರು ಒಂದೇ ಮನೆಯಲ್ಲಿರುವಂತಿಲ್ಲ ಎಂದು ನೋಟಿಸು ಬಂದಿದ್ದರಿಂದ, ಅವರು ಗಂಡ ಶಿವನಂಜಯ್ಯನವರನ್ನು ಕರೆದುಕೊಂಡು ಆ ಯಂತ್ರವಿರುವ ಕಚೇರಿಗೆ ಬಂದರು.

“ಮದುವೆ ಯಾವಾಗ ಆಯ್ತಮ್ಮ?” ಎಂದ ಗುಮಾಸ್ತ.

“ಮೊನ್ನೆ ಮೊನ್ನೆ ಆದಂಗಿದೆ ಕಣಪ್ಪ.”

ಯಂತ್ರ ಅದನ್ನು ಮೊನ್ನೆಯ ಕಪಾಟಿಗೇ ಸೇರಿಸಿ, ನವದಂಪತಿಗೆ ಶುಭ ಕೋರಿ ಪತ್ರ ಮುದ್ರಿಸಿಕೊಟ್ಟಿತು.

ಶಿವನಂಜಯ್ಯ ನಕ್ಕರು. “ನಂಗಂತೂ ನೂರು ವರ್ಷ ಆದಂಗಿದೆ.”

ಯಂತ್ರ ಅದನ್ನೂ ಕೇಳಿಸಿಕೊಂಡು, ಮದುವೆಯನ್ನು ನೂರು ವರ್ಷ ಹಿಂದಿನ ಕಪಾಟಿಗೆ ಸರಿಸಿತು. ಪತ್ರದ ಅಕ್ಷರಗಳೆಲ್ಲ ಮಾಯವಾದವು.

“ಮದುವೆ ಆದಾಗಿಂದ್ಲೂ ನಿಮ್ ಬಾಯಿ ಹಿಂಗೇ!” ಎಂದು ಪುಟ್ಟಗೌರಮ್ಮ ಗಂಡನನ್ನು ಗದರಿದರು.

ಗುಮಾಸ್ತ ತಲೆಯೆತ್ತಿದ. “ಯಾವ ಮದುವೆ ಅಮ್ಮ?”