ಹಿಡಿಯೊಳಗಿನ ಹೆಸರು

ಹಿಡಿಯನ್ನು ಬಿಗಿದಿದ್ದ ಬಿದಿರಿನ ಬೆಣೆ ಹೊರಬಂತು. ಹಳೇ ಕತ್ತಿಗಳ ಪರೀಕ್ಷಕ, ಮುದುಕ ಇಸೋಗಾಯ್ ಕತ್ತಿಯ ಹಿಡಿಯನ್ನು ಎಡಗೈಯಲ್ಲಿ ಹಿಡಿದು, ಆ ಮಣಿಕಟ್ಟಿನ ಮೇಲೆ ಬಲಮುಷ್ಟಿಯಿಂದ ಒಂದು ಗುದ್ದು ಕೊಟ್ಟರು. ಹಿಡಿ ಸಡಿಲಿ, ಒಳಗಿದ್ದ ತುಕ್ಕುಗಂದು ಕಬ್ಬಿಣ ಕಾಣಿಸಿತು. ಅದರ ಮೇಲೆ ಹೆಸರು ಕೆತ್ತಿತ್ತು. ಮುನ್ನೂರು ವರ್ಷದ ಹಿಂದೆ ಮಿನೋ ಸೀಮೆಯಲ್ಲಿ ಬಾಳಿದ ಹೆಸರಾಂತ ಕಮ್ಮಾರನದು.

"ಅವರದ್ದೇ ತಾನೆ, ಮೇಷ್ಟ್ರೇ?" ಕತ್ತಿ ತಂದಿದ್ದ ತೋಕಿಕೊ ಕೂತಲ್ಲಿಂದಲೇ ಮುಂದಕ್ಕೆ ಜರುಗಿದಳು. "ಊರಿನ ಮ್ಯೂಸಿಯಮ್ಮಿಗೆ ಕೊಟ್ಬಿಡು ಅಂತ ನಮ್ಮೆಜಮಾನ್ರು ಸಾಯೋವಾಗ್ಲೂ ಹೇಳಿದ್ರು. ಅಲ್ಲಿ ನೋಡಿದ್ರೆ ಅಸಲಿ ಅಂತ ನಿಮ್ಮ ಪತ್ರ ಬೇಕೇ ಬೇಕಂತೆ."

ಇಸೋಗಾಯ್ ಕಾಗದದ ಬಾಗಿಲಿನಿಂದ ಸೋಸಿ ಬರುತ್ತಿದ್ದ ಮಧ್ಯಾಹ್ನದ ಬೆಳಕಿಗೆ ಅಕ್ಷರಗಳನ್ನು ಓರೆಯಾಗಿ ಹಿಡಿದರು. ಪ್ರತಿ ಗೆರೆ ಮುಗಿಯುವಲ್ಲೂ ಉಳಿ ಕೂದಲೆಳೆಯಷ್ಟು ಎಡಕ್ಕೆ ಜಾರಿತ್ತು. ಚಿಕ್ಕಂದಿನಲ್ಲಿ ಅವರು ಶಾಲೆಗೆ ಒಯ್ಯುತ್ತಿದ್ದ ಊಟದ ಡಬ್ಬಿಯ ಮುಚ್ಚಳದ ಮೇಲೆ ಅಪ್ಪ ಕೆತ್ತಿಕೊಟ್ಟ ಹೆಸರಿನಲ್ಲೂ ಹೀಗೇ ಜಾರಿತ್ತು.

ಟಿಕ್, ಟಿಕ್, ಟಿಕ್. ಕಣ್ಣು ಮುಚ್ಚಿದರೆ ಸಾಕು, ಈಗಲೂ ಕೇಳುತ್ತದೆ. ಯುದ್ಧ ಸೋತ ಮೇಲೆ ಕತ್ತಿ ಮಾಡಕೂಡದೆಂದು ಆಜ್ಞೆಯಾಗಿ ಅಪ್ಪನ ಕುಲುಮೆ ತಣ್ಣಗಾಗಿತ್ತು. ಯಾರೋ ವ್ಯಾಪಾರಿ ಹೆಸರಿಲ್ಲದ ಹಳೆಯ ಕತ್ತಿಗಳನ್ನು ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದ, ಅಪ್ಪ ಅವಕ್ಕೆ ದೊಡ್ಡವರ ಹೆಸರು ಕೆತ್ತುತ್ತಿದ್ದ, ಮನೆಯಲ್ಲಿ ಗಂಜಿ ಬೇಯುತ್ತಿತ್ತು. ಆ ಸದ್ದಿನ ಪಕ್ಕದಲ್ಲೇ ಚಾಪೆಯ ಮೇಲೆ ಎಂಥಾ ಸುಖದ ನಿದ್ದೆ! ಅಪ್ಪ ಸ್ವಂತ ಹೆಸರಿನಲ್ಲಿ ಮಾಡಿದ ಕತ್ತಿಗಳನ್ನೆಲ್ಲ ಗೆದ್ದವರು ಕರಗಿಸಿಬಿಟ್ಟರು. ಡಬ್ಬಿಯೂ ಎಲ್ಲೋ ಹೋಯಿತು. ಇಷ್ಟು ವರ್ಷಗಳಲ್ಲಿ ಅಪ್ಪನ ಕೈಗುರುತು ಕಣ್ಣಿಗೆ ಬಿದ್ದದ್ದು ಇದೊಂದೇ.

ಹೆಸರು ನಿಜ ಅಂದರೆ ಅದು ಹಾಗೇ ಉಳಿಯುತ್ತದೆ. ಸುಳ್ಳು ಅಂದರೆ ಅರ ಹಾಕಿ ಉಜ್ಜಿ ಅಳಿಸಬೇಕು, ಆಮೇಲೆಯೇ ಕತ್ತಿಗೆ ಪತ್ರ. ನೂರಾರು ಜನಕ್ಕೆ ಇಸೋಗಾಯ್ ಅದನ್ನೇ ಹೇಳಿ ಕಳಿಸಿದ್ದರು. ಇವತ್ತು ಅಳಿಯಬೇಕಾದದ್ದು ಅಪ್ಪನ ಅಕ್ಷರ.

"ಕತ್ತಿ ಅಪ್ಪಟ ಹಳೇದು, ತಾಯಿ," ಎಂದರು ಕೊನೆಗೆ. "ಹೆಸರು ಮಾತ್ರ ಸುಳ್ಳು. ಅರ ಹಾಕಿಸಿ ತನ್ನಿ, ಪತ್ರ ಬರ್ಕೊಡ್ತೀನಿ."

ನೋಡಿದ ಹೆಸರನ್ನೆಲ್ಲ ಅಚ್ಚು ತೆಗೆದಿಟ್ಟುಕೊಳ್ಳುವುದು ಅವರ ಕಸುಬಿನ ಪದ್ಧತಿ. ತೆಳುಕಾಗದ ಹಾಸಿ ಮಸಿಯ ಬಿಲ್ಲೆಯಿಂದ ಮೆಲ್ಲಗೆ ಉಜ್ಜಿದರು. ಎರಡು ಹಾಳೆ ಕೆಟ್ಟವು. ಮೂರನೆಯದರಲ್ಲಿ, ಕಪ್ಪಿನ ನಡುವೆ ಬೆಳ್ಳಗೆ, ಒಂದೊಂದೇ ಗೆರೆ ಎದ್ದುಬಂತು.

ತೋಕಿಕೊಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. "ಅಯ್ಯೋ, ನಮ್ಮೆಜಮಾನ್ರು ಜೀವಮಾನವೆಲ್ಲ ಈ ಹೆಸರಿಗೆ ತಲೆಬಾಗಿದ್ರಲ್ಲ! ಯಾವ ಪಾಪಿ ಕೆತ್ತಿದ್ನೋ, ಅವನ ಕೈ ಸೇದೋಗ!"

ಇಸೋಗಾಯ್ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

"ಸೇದೋಗಿತ್ತು, ತಾಯಿ. ಕೊನೇ ಮೂರು ವರ್ಷ ಅಪ್ಪಂಗೆ ನಾನೇ ತುತ್ತು ತಿನ್ನಿಸ್ತಿದ್ದೆ."