ಮೆಟ್ಟುಕತ್ತಿಯ ಕಾಲು

ಗಾಜಿನ ಪೆಟ್ಟಿಗೆಯೊಳಗಿದ್ದ ಮೆಟ್ಟುಕತ್ತಿಯ ಮುಂದೆ ಸುಂದರಿ ನೆಲದ ಮೇಲೆಯೇ ಕೂತುಬಿಟ್ಟಳು. ಹಲಗೆಯನ್ನು ಕಾಲಿನಿಂದ ಮೆಟ್ಟಿ ತರಕಾರಿ ಹೆಚ್ಚುವ ಈ ಈಳಿಗೆಮಣೆಯನ್ನು ಇಲ್ಲಿನ ಬಂಗಾಳಿಗಳು ಬೊಟಿ ಎನ್ನುತ್ತಾರೆ. ಸೆಕ್ಟರ್ ಫೈವ್‌ನ ಸಾಫ್ಟ್‌ವೇರ್ ಕಚೇರಿಗೆ ಮುನ್ನೂರು ಜನರ ಅಡುಗೆ ಮಾಡಿ ಕಳಿಸಿ, ಮಗಳ ಒತ್ತಾಯಕ್ಕೆ ಅವಳು ನೇರವಾಗಿ ಮ್ಯೂಸಿಯಮ್ಮಿಗೆ ಬಂದಿದ್ದಳು.

“ಅಮ್ಮಾ, ಪ್ಲೀಸ್, ಇಲ್ಲಿ ಕೂರಬಾರದು,” ಎಂದಳು ದೀಕ್ಷಾ. ಡಿಸೈನ್ ಓದುತ್ತಿದ್ದ ಅವಳಿಗೆ ಇದು ಆರನೇ ಭೇಟಿ. ಹಳೆಯ ಗೃಹಬಳಕೆಯ ವಸ್ತುವೊಂದರ ಚಿತ್ರವನ್ನು ನಾಳೆ ಒಪ್ಪಿಸಬೇಕಿತ್ತು. ಐದು ಚಿತ್ರಗಳನ್ನು ಮೇಷ್ಟ್ರು ವಾಪಸು ಕೊಟ್ಟಿದ್ದರು. ಅಳತೆ ಸರಿಯಿದೆ, ಜೀವವಿಲ್ಲ ಎಂಬುದೇ ಪ್ರತಿ ಸಲದ ಮಾತು. ಈ ಆರನೆಯದೂ ವಾಪಸು ಬಂದರೆ ಅವಳು ಫೇಲು.

ಸುಂದರಿ ಕತ್ತೆತ್ತಿ ಮಗಳ ಕೈಯಲ್ಲಿದ್ದ ಚಿತ್ರದ ಹಾಳೆ ನೋಡಿದಳು. “ಕತ್ತಿ ಚಂದ ಉಂಟು ಮಾರಾಯ್ತಿ. ಆದರೆ ಮೆಟ್ಟುವುದು ಯಾರು? ಹೀಗೆ ಒಂಟಿ ನಿಂತರೆ ಅದು ಬದನೆಕಾಯಿ ಹೆಚ್ಚುತ್ತದಾ?” ಎನ್ನುತ್ತ ಮೊಣಕಾಲು ಮಡಚಿ, ಇಲ್ಲದ ಹಲಗೆಯನ್ನು ಬಲಗಾಲಿನಿಂದ ಒತ್ತಿ ತೋರಿಸಿದಳು.

ಕಾವಲಿನ ಹೆಂಗಸು ಕುರ್ಚಿಯಿಂದ ಎದ್ದು ಬಂದಳು. ಬೈಸಿಕೊಳ್ಳಲು ದೀಕ್ಷಾ ಸಿದ್ಧಳಾದಳು. ಆ ಹೆಂಗಸು ಸುಂದರಿಯ ಕಾಲನ್ನೇ ನೋಡಿ, “ಇನ್ನೂ ಸ್ವಲ್ಪ ಮುಂದಿಡಿ ದೀದಿ, ಇಲ್ಲದಿದ್ದರೆ ಹಲಗೆ ಮಗುಚುತ್ತದೆ,” ಎಂದು ಹಿಂದಿಯಲ್ಲಿ ಹೇಳಿದಳು. ಸುಂದರಿ ಕಾಲು ಮುಂದಿಟ್ಟಳು. ಹಿಮ್ಮಡಿ ಒಡೆದಿತ್ತು, ಹೆಬ್ಬೆರಳು ಉಳಿದವುಗಳಿಂದ ದೂರ ಸರಿದಿತ್ತು.

ದೀಕ್ಷಾ ಹಾಳೆ ಮಗುಚಿ, ಮೊದಲು ಆ ಹೆಬ್ಬೆರಳನ್ನು ಬರೆದಳು.

“ಅಲುಗಾಡಬೇಡಮ್ಮಾ.”

“ಅಲುಗಾಡಲಿಕ್ಕೆ ಶಕ್ತಿ ಯಾರಿಗುಂಟು?” ಎಂದು ಸುಂದರಿ ಕಣ್ಣು ಮುಚ್ಚಿದಳು.