ಕಾಳಿನ ಮೇಲೆ ಬಂದ ಅಪವಾದ

ಅತ್ತೆ ಚೀಲದ ಗಂಟು ಬಿಚ್ಚಿ ಸೋಯಾ ಕಾಳನ್ನು ಡಾಕ್ಟರಮ್ಮನ ಮೇಜಿನ ಮೇಲೆ ಸುರಿದರು. ನಾಲ್ಕೈದು ಕಾಳು ಉರುಳಿ ಕೀಬೋರ್ಡಿನ ಅಡಿಗೆ ಹೋದವು.

"ಕಳ್ಳ ಸಿಕ್ಕಿಬಿದ್ದ ಡಾಕ್ಟ್ರೇ. ನನ್ನ ಮಗ ಬೆಳಗೆದ್ದು ಕಬ್ಬಿಣ ಎತ್ತೋದು, ಇದರ ಹಾಲು ದೊಡ್ಡ ಲೋಟದಲ್ಲಿ ಕುಡಿಯೋದು. ಇದರೊಳಗೆ ಹೆಂಗಸರ ಹಾರ್ಮೋನು ಇದೆಯಂತೆ. ನನ್ನ ಹತ್ರ ಬಟ್ಟೆ ಹೊಲಿಸೋ ನರ್ಸಮ್ಮ ಹೇಳಿದ್ಲು. ಇನ್ನು ಮಕ್ಕಳು ಎಲ್ಲಿಂದ ಆಗ್ಬೇಕು?"

ಪಕ್ಕದಲ್ಲಿ ಕೂತ ಸೊಸೆ ಉರುಳಿದ ಕಾಳನ್ನು ಹೆಕ್ಕಿ ರಾಶಿಗೆ ಸೇರಿಸಿದಳು. ಮದುವೆಯಾದಾಗಿನಿಂದ ಅತ್ತೆಯ ಬೆರಳು ತೋರುತ್ತಿದ್ದದ್ದು ಅವಳನ್ನೇ. ಇವತ್ತು ಮೊದಲ ಸಲ ಅದು ಬೇರೆ ಕಡೆ ತಿರುಗಿತ್ತು. ಬರುವಾಗ ಬಸ್ಸಿನಲ್ಲಿ ಅತ್ತೆ ಅವಳಿಗೆ ಕಿಟಕಿ ಪಕ್ಕದ ಸೀಟನ್ನೂ ಬಿಟ್ಟುಕೊಟ್ಟಿದ್ದರು.

"ಹಾರ್ಮೋನಲ್ಲಮ್ಮ, ಅದರ ಹಾಗೆ ನಟಿಸೋ ಪದಾರ್ಥ," ಎಂದರು ಡಾಕ್ಟರಮ್ಮ. "ಕುರಿಗಳಲ್ಲಿ ತೊಂದರೆ ಆಗಿದ್ದುಂಟು. ಮನುಷ್ಯರು ಕುಡಿಯೋಷ್ಟಕ್ಕೆ ಮಕ್ಕಳಾಗಲ್ಲ ಅನ್ನೋಕೆ ಆಧಾರ ಇಲ್ಲ."

ಅಷ್ಟರಲ್ಲಿ ಅತ್ತೆಯ ಫೋನು ಬಡಿದುಕೊಂಡಿತು. ಹೊಲಿಸಿಕೊಂಡವರು ಯಾರಿಗೋ ರವಿಕೆಯ ತೋಳು ಬಿಗಿಯಾಗಿದೆಯಂತೆ. "ಮಾತು ಮುಗಿಸ್ಬೇಡಿ, ಬಂದೆ," ಎಂದು ಹೊರಗೆ ಹೋದರು.

ಸೊಸೆ ಮುಂದಕ್ಕೆ ಬಾಗಿದಳು. "ಮೇಡಂ, ಕಾಳಿನದೇ ತಪ್ಪು ಅಂದುಬಿಡಿ."

"ಹೋದ ವಾರ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಿದ್ದೀನಲ್ಲ. ನಿನ್ನಲ್ಲಿ ಏನೂ ದೋಷ ಇಲ್ಲ. ನಿನ್ನ ಗಂಡನಿಗೆ ವೀರ್ಯ ಬರೋ ನಾಳವೇ ಹುಟ್ಟಿನಿಂದ ಇಲ್ಲ. ಕಾಳೇನು ಮಾಡುತ್ತೆ?"

"ಅಮ್ಮನಿಗೆ ಗೊತ್ತಾದ್ರೆ ಮನೆ ಬಿಟ್ಟು ಹೋಗ್ತೀನಿ ಅಂತಾರೆ ನಮ್ಮನೆಯವರು."

"ಅದಕ್ಕೆ ನಾನು ಸುಳ್ಳು ಹೇಳ್ಲಾ?"

"ಸುಳ್ಳು ಬೇಡ. ಆ ಕುರಿ ವಿಷಯ ಸ್ವಲ್ಪ ಬಿಡಿಸಿ ಹೇಳಿ. ಮಿಕ್ಕಿದ್ದನ್ನ ನಮ್ಮತ್ತೆನೇ ಹೊಲ್ಕೊಳ್ತಾರೆ."

ಅತ್ತೆ ಬಂದು ಕೂತರು. ಡಾಕ್ಟರಮ್ಮ ಕನ್ನಡಕ ಒರೆಸಿಕೊಂಡರು. ಈ ಕಾಳಿನ ಬಳಗದ್ದೇ ಒಂದು ಮೇವಿನ ಸೊಪ್ಪು, ಅದನ್ನೇ ತಿಂಗಳುಗಟ್ಟಲೆ ಮೇಯ್ದ ಮಂದೆಗಳಲ್ಲಿ ಮರಿಗಳು ಹುಟ್ಟುವುದೇ ಕಡಿಮೆಯಾಯಿತು ಎಂದು ನಿಧಾನವಾಗಿ ವಿವರಿಸಿದರು. ಸೊಸೆಯ ಭುಜ ಸಡಿಲವಾಯಿತು. ಅತ್ತೆ ತಲೆದೂಗುತ್ತ, ಕಾಳನ್ನು ವಿಷ ಮುಟ್ಟುವ ಹಾಗೆ ತುದಿಬೆರಳಲ್ಲಿ ಎತ್ತಿ ಚೀಲಕ್ಕೆ ಹಾಕತೊಡಗಿದರು. ಅರ್ಧಕ್ಕೆ ಕೈ ನಿಂತಿತು.

"ತೊಂದರೆ ಆಗಿದ್ದು ಟಗರಿಗೋ, ಹೆಣ್ಣು ಕುರಿಗೋ?"

ಡಾಕ್ಟರಮ್ಮ ಸೊಸೆಯ ಮುಖ ನೋಡಿದರು. ಸುಳ್ಳು ಹೇಳುವ ಹಾಗಿರಲಿಲ್ಲ.

"ಹೆಣ್ಣು ಕುರಿಗೆ."

ಅತ್ತೆ ಕುರ್ಚಿಯನ್ನು ಸೊಸೆಯ ಕಡೆಗೆ ಎಳೆದುಕೊಂಡರು.

"ಅವನು ಕುಡಿದು ಮಿಕ್ಕಿದ್ದನ್ನ ನೀನು ಕುಡೀತಿದ್ದೆ, ಅಲ್ವಾ?"